ಅಮ್ಮನಿಗೆ ಏನಾಗಿದೆ ಎಂದು ಮಗು ಕೇಳಿದಾಗ

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂದರೆ ದೊಡ್ಡವರೆಲ್ಲ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಾರೆ, ಫೋನ್ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಾರೆ, ಮಗು ಬಂದ ಕೂಡಲೇ ಮಾತು ಬದಲಿಸುತ್ತಾರೆ. ಮಗುವಿನ ಕಿವಿಗೆ ಬೀಳಬಾರದು ಎಂಬುದು ಅವರ ಕಾಳಜಿ. ಮಗುವಿಗೆ ಮಾತ್ರ ಆ ಗುಟ್ಟೇ ಕಾಯಿಲೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಎಷ್ಟೋ ಜನ ಅಪ್ಪಂದಿರು, ಅಮ್ಮಂದಿರು. ಅವರ ಮಕ್ಕಳ ಲೆಕ್ಕವನ್ನು ನಾವು ಇಡುವುದೇ ಇಲ್ಲ. ಕಾಯಿಲೆಯ ಮನೆಯಲ್ಲಿ ಬೆಳೆಯುವ ಮಗು ಗಟ್ಟಿಯಾಗಿ ನಿಲ್ಲಬೇಕಾದರೆ ದೊಡ್ಡವರು ಏನು ಮಾಡಬೇಕು, ಏನು ಹೇಳಬೇಕು ಎಂಬುದಕ್ಕೆ ಕೆಲವು ಸೂತ್ರಗಳು ಇಲ್ಲಿವೆ.

1. ಮಗುವಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳಬೇಡಿ

ಗೊತ್ತಿರುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ತಾಯಂದಿರಿಗೆ ಒಂದು ಸಣ್ಣ ಕೆಲಸ ಹೇಳಿದರು. ಮಗುವಿನ ಜೊತೆ ನಗುನಗುತ್ತ ಆಡುತ್ತಿದ್ದವರು ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತ ಕೂರಬೇಕು. ಕೆಲವೇ ತಿಂಗಳ ಹಸುಳೆಗಳು ಮೊದಲು ನಕ್ಕು ಅಮ್ಮನನ್ನು ಮಾತಿಗೆಳೆಯಲು ನೋಡಿದವು, ಆಮೇಲೆ ಚಡಪಡಿಸಿದವು, ಕೊನೆಗೆ ಮುಖ ತಿರುಗಿಸಿದವು. ಮಾತೇ ಬಾರದ ಕೂಸಿಗೆ ಇಷ್ಟು ತಿಳಿಯುವುದಾದರೆ ಯುಕೆಜಿ ಮಗುವಿಗೆ ತಿಳಿಯದೆ ಇರುತ್ತದೆಯೇ? ಅಮ್ಮ ಜಡೆ ಹಾಕುತ್ತಿಲ್ಲ, ಅಪ್ಪ ಊಟಕ್ಕೆ ಬರುತ್ತಿಲ್ಲ, ಅಜ್ಜಿ ದೇವರ ಮುಂದೆ ಅಳುತ್ತಿದ್ದಾಳೆ, ಇದೆಲ್ಲ ಅದರ ಕಣ್ಣಿಗೆ ಬಿದ್ದಿರುತ್ತದೆ. ಅದರ ಅರ್ಥ ಹೇಳುವವರು ಮಾತ್ರ ಇರುವುದಿಲ್ಲ.

"ಅಮ್ಮ ಊರಿಗೆ ಹೋಗಿದ್ದಾಳೆ" ಎಂಬ ಸುಳ್ಳು ಬಹಳ ದಿನ ನಿಲ್ಲುವುದಿಲ್ಲ. ನಿಜವನ್ನು ಪಕ್ಕದ ಮನೆಯ ಹುಡುಗ ಹೇಳುತ್ತಾನೆ, ಅದೂ ಕೆಟ್ಟ ಮಾತಿನಲ್ಲಿ. ಆಮೇಲೆ ನೀವು ಹೇಳುವ ಯಾವುದನ್ನೂ ಮಗು ನಂಬುವುದಿಲ್ಲ.

2. ಎಲ್ಲಕ್ಕಿಂತ ಮೊದಲು ಹೇಳಿ: "ಇದು ನಿನ್ನಿಂದ ಆದದ್ದಲ್ಲ"

ಒಂದೇ ಮಾತು ಹೇಳಲು ಸಮಯವಿದೆ ಎಂದಾದರೆ ಹೇಳಬೇಕಾದ ಮಾತು ಇದು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಜೀವನವಿಡೀ ಗಮನಿಸಿದವರು. ಸುಮಾರು ಎರಡರಿಂದ ಏಳು ವರ್ಷದ ಮಗು ಲೋಕವನ್ನೆಲ್ಲ ತನ್ನ ಸುತ್ತಲೇ ಕಟ್ಟಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ತಾನು ಸಿಟ್ಟಿನಲ್ಲಿ ಅಂದುಕೊಂಡದ್ದು ನಿಜವಾಗಿ ನಡೆದುಬಿಡುತ್ತದೆ ಎಂದು ಆ ವಯಸ್ಸಿನ ಮಗು ನಂಬುತ್ತದೆ. ಒಂದರ ಹಿಂದೆ ಒಂದು ನಡೆದರೆ ಮೊದಲಿನದೇ ಎರಡನೆಯದಕ್ಕೆ ಕಾರಣ ಎಂದುಕೊಳ್ಳುತ್ತದೆ. ಸೋಮವಾರ ನಾನು ಹಟ ಮಾಡಿ ಹಾಲು ಚೆಲ್ಲಿದೆ, ಮಂಗಳವಾರ ಅಮ್ಮ ಹಾಸಿಗೆ ಹಿಡಿದಳು. ಮಗುವಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಲೆಕ್ಕವನ್ನು ಅದು ಯಾರಿಗೂ ತೋರಿಸುವುದಿಲ್ಲ, ಏಕೆಂದರೆ ತಪ್ಪು ಮಾಡಿದವರು ತಪ್ಪನ್ನು ಮುಚ್ಚಿಡುತ್ತಾರೆ.

ಇದರ ಮೇಲೆ ದೊಡ್ಡವರ ಮಾತು ಬೇರೆ. "ನಿನ್ನ ಕಾಟಕ್ಕೇ ನಿಮ್ಮಮ್ಮನ ತಲೆ ಕೆಟ್ಟಿರೋದು" ಎಂದು ಅಜ್ಜಿಯೋ ಅತ್ತೆಯೋ ಬೇಸರದಲ್ಲಿ ಒಮ್ಮೆ ಅಂದುಬಿಟ್ಟರೆ, ಮಗು ಅದನ್ನು ಮೂವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡಿರಬಲ್ಲದು. ಮನೆಯಲ್ಲಿ ಆ ಮಾತನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ. "ನೀನು ಜಾಣನಾಗಿ ಓದಿದ್ರೆ ಅಮ್ಮ ಬೇಗ ಹುಷಾರಾಗ್ತಾಳೆ" ಎಂಬುದು ಕೇಳಲು ಹಿತವಾಗಿದ್ದರೂ ಅಷ್ಟೇ ಕೆಟ್ಟದ್ದು. ಅಮ್ಮ ಹುಷಾರಾಗದಿದ್ದರೆ ತನ್ನ ಅಂಕ ಸಾಲಲಿಲ್ಲ ಎಂದೇ ಮಗು ತಿಳಿಯುತ್ತದೆ.

ಹೀಗೆ ಹೇಳಿ: "ನೀನು ಹಟ ಮಾಡಿದ್ದಕ್ಕೆ, ಜಗಳ ಆಡಿದ್ದಕ್ಕೆ ಅಮ್ಮನಿಗೆ ಹೀಗಾಗಿಲ್ಲ ಪುಟ್ಟಾ. ಯಾರ ತಪ್ಪಿಂದಾನೂ ಆಗಿಲ್ಲ. ಅಮ್ಮನ್ನ ಹುಷಾರು ಮಾಡೋದು ಡಾಕ್ಟರ ಕೆಲಸ, ನಿನ್ನ ಕೆಲಸ ಅಲ್ಲ." ಒಮ್ಮೆ ಹೇಳಿದರೆ ಸಾಲದು. ಮುಂದಿನ ವಾರ ಮತ್ತೆ ಹೇಳಿ, ಅಮ್ಮ ಮತ್ತೆ ಮಂಕಾದ ದಿನ ಇನ್ನೊಮ್ಮೆ ಹೇಳಿ.

3. ವಯಸ್ಸಿಗೆ ತಕ್ಕಷ್ಟು ಹೇಳಿ, ಆದರೆ ಹೇಳಿ

ಮಕ್ಕಳು ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಿಬೇಸ್ ಮತ್ತು ವಾಲ್ಷ್ ಎಂಬ ಸಂಶೋಧಕರು ಪಿಯಾಜೆಯ ಜಾಡಿನಲ್ಲೇ ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳ ಪಾಲಿಗೆ ಕಾಯಿಲೆ ಎಂದರೆ ಹತ್ತಿರ ಹೋದರೆ ಅಂಟಿಕೊಳ್ಳುವಂಥದ್ದು. ಆದ್ದರಿಂದ ಐದು ವರ್ಷದ ಮಗು ಅಮ್ಮನ ಲೋಟದಲ್ಲಿ ನೀರು ಕುಡಿಯಲು ಹಿಂಜರಿದರೆ ಬೈಯಬೇಡಿ. "ಇದು ಅಂಟೋ ಕಾಯಿಲೆ ಅಲ್ಲ, ಅಮ್ಮನ್ನ ತಬ್ಬಿಕೋಬಹುದು, ಪಕ್ಕದಲ್ಲಿ ಮಲಗಬಹುದು" ಎನ್ನಿ.

ಎಂಟು ಹತ್ತು ವರ್ಷಕ್ಕೆ ಬಂದ ಮಕ್ಕಳಿಗೆ ಹೇಗೆ, ಏಕೆ ಎಂಬುದು ಬೇಕು. ಕಾಯಿಲೆ ಎಲ್ಲಿದೆ, ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ, ಮಾತ್ರೆ ನುಂಗಿದರೆ ಅದು ತಲೆಗೆ ಹೇಗೆ ಹೋಗುತ್ತದೆ ಎಂದೆಲ್ಲ ಕೇಳುತ್ತಾರೆ. ಯೋಚನೆ, ನಿದ್ದೆ, ಸಂತೋಷ, ಭಯ ಎಲ್ಲವನ್ನೂ ನಡೆಸುವುದು ಮೆದುಳು, ಆ ಮೆದುಳಿನ ಕೆಲಸ ಈಗ ಏರುಪೇರಾಗಿದೆ ಎಂದು ಹೇಳಿದರೆ ಅವರು ಹಿಡಿದುಕೊಳ್ಳುತ್ತಾರೆ.

ಹದಿಹರೆಯದವರ ಪ್ರಶ್ನೆ ಬೇರೆ. ಅದನ್ನು ಅವರು ಬಾಯಿಬಿಟ್ಟು ಕೇಳುವುದು ಕಡಿಮೆ: ನಾಳೆ ನನಗೂ ಹೀಗೇ ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರವಿದೆ, ಅದನ್ನು ಕೊಡಬೇಕು. ಸ್ಕಿಜೋಫ್ರೇನಿಯಾ ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ಅಪ್ಪ ಅಥವಾ ಅಮ್ಮ ಒಬ್ಬರಿಗಿದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಹತ್ತರ ಆಸುಪಾಸು. ಅಪಾಯ ಹೆಚ್ಚು ನಿಜ. ಆದರೂ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಗಾಂಜಾದಿಂದ ದೂರ ಇರಬೇಕು, ನಿದ್ದೆಗೆಡಬಾರದು, ಮನಸ್ಸು ಸರಿಯಿಲ್ಲ ಅನ್ನಿಸಿದರೆ ಬೇಗ ಹೇಳಬೇಕು ಎಂಬ ಮಾತನ್ನೂ ಇದೇ ಗಳಿಗೆಯಲ್ಲಿ ಸೇರಿಸಿ. ಬೇರೆ ದಿನ ಹೇಳಿದರೆ ಉಪದೇಶವಾಗುತ್ತದೆ, ಈ ದಿನ ಕಿವಿಗೊಟ್ಟು ಕೇಳುತ್ತಾರೆ.

4. ಕಣ್ಣಿಗೆ ಕಾಣುವುದನ್ನೇ ಹಿಡಿದು ವಿವರಿಸಿ

ಖಿನ್ನತೆ ಎಂಬ ಪದ ಏಳು ವರ್ಷದ ಮಗುವಿಗೆ ಏನನ್ನೂ ಹೇಳುವುದಿಲ್ಲ. ಮಗು ದಿನಾ ನೋಡುತ್ತಿರುವ ನಡವಳಿಕೆಯನ್ನೇ ಮುಂದಿಟ್ಟುಕೊಂಡು ಮಾತಾಡಿ.

ಖಿನ್ನತೆಗೆ: "ಅಮ್ಮನಿಗೆ ಮನಸ್ಸಿನ ಕಾಯಿಲೆ ಬಂದಿದೆ. ಅದಕ್ಕೇ ಎದ್ದೇಳೋಕೂ ಆಗ್ತಿಲ್ಲ, ನಗೋಕೂ ಆಗ್ತಿಲ್ಲ. ನಿನ್ನ ಮೇಲೆ ಪ್ರೀತಿ ಇದೆ, ತೋರಿಸೋಕೆ ಈಗ ಶಕ್ತಿ ಇಲ್ಲ."

ಬೈಪೋಲಾರ್‌ಗೆ: "ಅಪ್ಪನ ಮನಸ್ಸು ಕೆಲವು ವಾರ ತುಂಬಾ ಓಡುತ್ತೆ. ನಿದ್ದೇನೇ ಬೇಡ ಅನ್ನಿಸುತ್ತೆ, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡ್ತಾರೆ, ಬೇಗ ರೇಗ್ತಾರೆ. ಇನ್ನು ಕೆಲವು ವಾರ ಯಾವುದೂ ಬೇಡ ಅನ್ನಿಸುತ್ತೆ. ಎರಡೂ ಅದೇ ಕಾಯಿಲೆ."

ಸ್ಕಿಜೋಫ್ರೇನಿಯಾಕ್ಕೆ: "ನಮಗ್ಯಾರಿಗೂ ಕೇಳದ ದನಿ ದೊಡ್ಡಪ್ಪನಿಗೆ ಕೇಳಿಸುತ್ತೆ. ಅವರು ನಾಟಕ ಮಾಡ್ತಿಲ್ಲ, ಅವರಿಗೆ ನಿಜವಾಗ್ಲೂ ಕೇಳುತ್ತೆ. ನಿನ್ನ ಕೇಳಿದ್ರೆ 'ನನಗೆ ಕೇಳಿಸ್ತಿಲ್ಲ ದೊಡ್ಡಪ್ಪ' ಅನ್ನು. ವಾದ ಮಾಡಬೇಡ, ನಗಬೇಡ. ಹೆದರಿಕೆ ಆದ್ರೆ ನನ್ನ ಹತ್ರ ಬಾ."

ಇದನ್ನು ಜ್ವರಕ್ಕೆ ಹೋಲಿಸಿ ಹೇಳುವ ಅಭ್ಯಾಸ ಬಹಳ ಜನರಿಗಿದೆ. ಬೇಡ. ಜ್ವರ ಮೂರು ದಿನಕ್ಕೆ ಬಿಡುತ್ತದೆ ಎಂದು ಮಗುವಿಗೆ ಗೊತ್ತು, ನಾಲ್ಕನೇ ದಿನ ಅದು ಬಂದು ಕೇಳುತ್ತದೆ. ಜ್ವರ ಒಬ್ಬರಿಂದೊಬ್ಬರಿಗೆ ಹರಡುತ್ತದೆ ಎಂಬುದೂ ಅದಕ್ಕೆ ಗೊತ್ತು. ಬಹಳ ದಿನ ಇರಬಹುದಾದ, ಹೋಗಿ ಮತ್ತೆ ಬರಬಹುದಾದ ಕಾಯಿಲೆ ಎಂದು ನೇರವಾಗಿ ಹೇಳುವುದೇ ಒಳ್ಳೆಯದು.

5. ಬಾಣಂತಿಯ ಮನೆಯಲ್ಲಿ ದೊಡ್ಡ ಮಗುವನ್ನು ಮರೆಯಬೇಡಿ

ಹೆರಿಗೆಯಾದ ಮೇಲೆ ಕೆಲವು ದಿನ ಅಳು, ಬೇಸರ ಬರುವುದು ಸಾಮಾನ್ಯ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಮಾತ್ರ ತೀವ್ರವಾದ ಮನೋವಿಕಾರ ಬರುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ಆಗ ಎಲ್ಲರ ಕಣ್ಣು ತಾಯಿ ಮತ್ತು ಹಸುಗೂಸಿನ ಮೇಲೆ. ನಾಲ್ಕು ವರ್ಷದ ಅಕ್ಕನೋ ಅಣ್ಣನೋ ಮೂಲೆಯಲ್ಲಿ ನಿಂತು, ಈ ಪಾಪು ಬಂದದ್ದರಿಂದಲೇ ಅಮ್ಮ ಹೀಗಾದಳು ಎಂದು ತೀರ್ಮಾನಿಸಿರುತ್ತದೆ. "ಪಾಪುವಿನಿಂದಲೂ ಆದದ್ದಲ್ಲ" ಎಂದು ಆ ಮಗುವಿಗೆ ಹೇಳಲೇಬೇಕು. ಇಲ್ಲದಿದ್ದರೆ ಒಡಹುಟ್ಟಿದವರ ನಡುವೆ ಕಾರಣ ಗೊತ್ತಿಲ್ಲದ ದ್ವೇಷ ಬೆಳೆಯುತ್ತದೆ.

ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದರು, ಕಲ್ಪನಾ ಅದರ ಕಾವೇರಿ. ಹೆರಿಗೆಯ ನಂತರ ಕಾಯಿಲೆ ಬಿದ್ದು, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬಂದವಳನ್ನು ಮನೆಯವರೇ ಹುಚ್ಚಿಯೆಂದು ನೋಡುತ್ತಾರೆ. ಕಾಯಿಲೆ ಗೆದ್ದವಳು ಆ ನೋಟಕ್ಕೆ ಸೋಲುತ್ತಾಳೆ. ಕನ್ನಡಿಗರು ಐವತ್ತು ವರ್ಷದಿಂದ ಆ ಸಿನಿಮಾ ನೋಡಿ ಕಣ್ಣೀರಿಟ್ಟಿದ್ದೇವೆ. ಅದರಿಂದ ಕಲಿಯಬೇಕಾದ್ದು ಇನ್ನೂ ಬಾಕಿ ಇದೆ: ಅಮ್ಮ ಆಸ್ಪತ್ರೆಯಿಂದ ವಾಪಸು ಬಂದಾಗ ಮಗುವನ್ನು ಅವಳಿಂದ ದೂರ ಎಳೆಯಬೇಡಿ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಕೂಡ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮಗುವಿಗೆ ಅಪಾಯವಿದೆ ಎಂದು ವೈದ್ಯರು ಹೇಳಿದರೆ ಮಾತ್ರ ಬೇರೆ ಮಾತು.

6. ಟಿವಿ ನೋಡುವಾಗ ಪಕ್ಕದಲ್ಲಿ ಕೂತುಕೊಳ್ಳಿ

ನಮ್ಮ ಮಕ್ಕಳು ಮನಸ್ಸಿನ ಕಾಯಿಲೆಯ ಮೊದಲ ಪಾಠ ಕಲಿಯುವುದು ತೆರೆಯ ಮೇಲೆ. ಹಾಸ್ಯ ದೃಶ್ಯದಲ್ಲಿ ಹರಿದ ಬಟ್ಟೆಯ 'ಹುಚ್ಚ' ಕಲ್ಲು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಥ್ರಿಲ್ಲರ್ ಆದರೆ ಕೊಲೆಗಾರನಿಗೇ ಮನೋರೋಗ. 2004ರ 'ಆಪ್ತಮಿತ್ರ'ದಲ್ಲಿ ದೆವ್ವದ ಕಾಟವೆಂದು ಎಲ್ಲರೂ ಹೆದರಿದ್ದನ್ನು ಮನೋವೈದ್ಯನೊಬ್ಬ ಕಾಯಿಲೆಯೆಂದು ಗುರುತಿಸುತ್ತಾನೆ ನಿಜ. ಆದರೆ ಮಗುವಿನ ನೆನಪಿನಲ್ಲಿ ಉಳಿಯುವುದು ನಾಗವಲ್ಲಿಯ ಕಣ್ಣು. ಮನಸ್ಸಿನ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ಬೇರೆಯವರಿಂದ ಹೊಡೆತ, ಮೋಸ, ಹಿಂಸೆ ಅನುಭವಿಸುವ ಅಪಾಯವೇ ಅವರಿಗೆ ಹೆಚ್ಚು. ಸಿನಿಮಾ ಮುಗಿದ ಮೇಲೆ ಇಷ್ಟು ಹೇಳಲು ಎರಡು ನಿಮಿಷ ಸಾಕು.

7. ದೆವ್ವ, ಗಾಳಿ, ಮಾಟದ ಮಾತು ಬಂದಾಗ ಜಗಳವಿಲ್ಲದೆ ಗೆರೆ ಎಳೆಯಿರಿ

ಅಜ್ಜಿ ದೇವಸ್ಥಾನಕ್ಕೆ ಹರಕೆ ಹೊರಲಿ, ದರ್ಗಾದ ತಾಯಿತ ಕಟ್ಟಲಿ. ಅದರಿಂದ ಅವಳಿಗೆ ಸಮಾಧಾನ ಸಿಕ್ಕಿದರೆ ಮಗುವಿನ ಎದುರು ಅವಳನ್ನು ಹೀಯಾಳಿಸಬೇಕಿಲ್ಲ. ಮಗುವಿಗೆ ಮಾತ್ರ "ಅಜ್ಜಿ ಪ್ರಾರ್ಥನೆ ಮಾಡ್ತಾಳೆ, ಡಾಕ್ಟರು ಔಷಧಿ ಕೊಡ್ತಾರೆ. ಅಮ್ಮನಿಗೆ ದೆವ್ವ ಹಿಡಿದಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಅಮ್ಮನ ಒಳಗೆ ಇನ್ಯಾರೋ ಇದ್ದಾರೆ ಎಂದು ನಂಬಿದ ಮಗು ರಾತ್ರಿ ಅವಳ ಪಕ್ಕ ಹೇಗೆ ಮಲಗೀತು?

ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಶುರುವಾದರೆ ಅಲ್ಲಿಗೆ ನಿಲ್ಲಿಸಿ. 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ವಾಮಾಚಾರ ತಡೆ ಕಾಯಿದೆಯಡಿ ಅದು ಅಪರಾಧ. ಆ ದೃಶ್ಯವನ್ನು ಕಂಡ ಮಗುವಿಗೆ ಆಗುವ ಗಾಯಕ್ಕೆ ಯಾವ ಕಾಯಿದೆಯೂ ಪರಿಹಾರ ಕೊಡಲಾರದು.

8. ಆಸ್ಪತ್ರೆಗೆ ಸೇರಿಸುವ ಮುನ್ನ ಮೂರು ವಿಷಯ ತಿಳಿಸಿ

ಅಮ್ಮ ಎಲ್ಲಿರುತ್ತಾಳೆ, ನಾನು ಅವಳ ಜೊತೆ ಯಾವಾಗ ಮಾತಾಡಬಹುದು, ಅಲ್ಲಿಯವರೆಗೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ. ಮೂರನೆಯದನ್ನು ವಿವರವಾಗಿ ಹೇಳಿ: ಸ್ಕೂಲಿನಿಂದ ಚಿಕ್ಕಪ್ಪ ಕರೆದುಕೊಂಡು ಬರುತ್ತಾರೆ, ರಾತ್ರಿ ಅಜ್ಜಿಯ ಪಕ್ಕ ಮಲಗುವುದು, ಡಬ್ಬಿ ಅತ್ತೆ ಕಟ್ಟುತ್ತಾರೆ. ನಮಗೆ ಕ್ಷುಲ್ಲಕ ಅನ್ನಿಸುವುದೇ ಮಗುವಿಗೆ ನೆಲ ಗಟ್ಟಿಯಿದೆ ಎಂಬ ಭರವಸೆ.

'ಕರೆಂಟ್ ಕೊಡ್ತಾರಂತೆ', 'ಸರಪಳಿ ಹಾಕ್ತಾರಂತೆ' ಎಂಬ ಮಾತುಗಳನ್ನು ಮಕ್ಕಳು ಎಲ್ಲಿಂದಲೋ ಕೇಳಿರುತ್ತಾರೆ. 2017ರ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧಿಯನ್ನೂ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತೆಯೂ ಇಲ್ಲ. ದೊಡ್ಡ ಮಕ್ಕಳಿಗೆ ಇದನ್ನು ಹೀಗೆಯೇ ಹೇಳಬಹುದು. ಚಿಕ್ಕವರಿಗೆ "ಅಲ್ಲಿ ಅಮ್ಮನಿಗೆ ಯಾರೂ ನೋವು ಮಾಡೋ ಹಾಗಿಲ್ಲ" ಎಂದರೆ ಸಾಕು. ವೈದ್ಯರು ಒಪ್ಪಿದರೆ ಕರೆದುಕೊಂಡು ಹೋಗಿ ತೋರಿಸಿ. ಮಗುವಿನ ಕಲ್ಪನೆಯಲ್ಲಿರುವ ಆಸ್ಪತ್ರೆ ನಿಜವಾದ ಆಸ್ಪತ್ರೆಗಿಂತ ಭೀಕರವಾಗಿರುತ್ತದೆ.

9. ಮಾತ್ರೆಯ ಲೆಕ್ಕ ಮಗುವಿಗೆ ತಿಳಿದಿರಲಿ, ಹೊಣೆ ಬೇಡ

ಖಿನ್ನತೆಯ ಮಾತ್ರೆ ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ಕೈ ನಡುಗುತ್ತದೆ, ಮೈ ತೂಕ ಏರುತ್ತದೆ. ಮೊದಲೇ ಹೇಳಿಟ್ಟರೆ "ಔಷಧಿ ತಗೊಂಡ ಮೇಲೇ ಅಪ್ಪ ಹಾಳಾದರು" ಎಂದು ಮಗು ತಿಳಿಯುವುದಿಲ್ಲ. ಅಡ್ಡ ಪರಿಣಾಮ ಕಂಡಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಅಪ್ಪ ಮಾತ್ರೆ ನುಂಗಿದರೋ ಇಲ್ಲವೋ ನೋಡು ಎಂದು ಮಗುವನ್ನು ಕಾವಲಿಗೆ ನಿಲ್ಲಿಸಬೇಡಿ. ಅದು ದೊಡ್ಡವರ ಕೆಲಸ.

10. ಮಗುವನ್ನು ಮನೆಯ ಯಜಮಾನಿ ಮಾಡಬೇಡಿ

ಹನ್ನೊಂದು ವರ್ಷದ ಹುಡುಗಿ ಅನ್ನ ಮಾಡಿ, ತಮ್ಮನಿಗೆ ಸ್ನಾನ ಮಾಡಿಸಿ, ಅಮ್ಮನಿಗೆ ಊಟ ಕೊಟ್ಟು ಸ್ಕೂಲಿಗೆ ಹೋಗುತ್ತಾಳೆ. ನೆಂಟರೆಲ್ಲ "ಎಷ್ಟು ಜಾಣೆ" ಎಂದು ಹೊಗಳುತ್ತಾರೆ. ಆ ಹೊಗಳಿಕೆ ಅವಳ ಬಾಯಿ ಕಟ್ಟುತ್ತದೆ, ಸುಸ್ತಾಗಿದೆ ಎಂದು ಹೇಳುವ ಹಕ್ಕನ್ನೇ ಕಿತ್ತುಕೊಳ್ಳುತ್ತದೆ. ಸಣ್ಣಪುಟ್ಟ ಕೆಲಸ ಮಾಡಲಿ, ತಾನೂ ಅಮ್ಮನಿಗೆ ನೆರವಾದೆ ಎಂಬ ಹೆಮ್ಮೆ ಮಗುವಿಗೆ ಒಳ್ಳೆಯದೇ. ಆದರೆ ಆಟದ ಹೊತ್ತು, ಹೋಂವರ್ಕಿನ ಹೊತ್ತು, ನಿದ್ದೆಯ ಹೊತ್ತು ಅವಳದಾಗಿಯೇ ಇರಲಿ. ಹೊಗಳುವ ನೆಂಟರಲ್ಲಿ ಒಬ್ಬರು ವಾರಕ್ಕೆರಡು ದಿನ ಬಂದು ಅಡುಗೆ ಮಾಡಲಿ.

ನಂಬಿಕೆಗೆ ಅರ್ಹರಾದ, ಮನಸ್ಸು ಆರೋಗ್ಯವಾಗಿರುವ ಒಬ್ಬ ಹಿರಿಯರ ಜೊತೆ ಗಟ್ಟಿ ನಂಟು ಇರುವ ಮಗು ಕಷ್ಟವನ್ನು ದಾಟುವ ಸಾಧ್ಯತೆ ಹೆಚ್ಚು. ಆ ಹಿರಿಯರು ಸೋದರಮಾವ ಆಗಬಹುದು, ಟೀಚರ್ ಆಗಬಹುದು, ಪಕ್ಕದ ಮನೆಯ ಆಂಟಿ ಆಗಬಹುದು.

11. ಸ್ಕೂಲಿನಲ್ಲಿ ಹೇಳಲು ಒಂದು ವಾಕ್ಯ ಕಲಿಸಿ

"ಮನೆ ವಿಷಯ ಯಾರಿಗೂ ಹೇಳಬೇಡ" ಎಂದರೆ ಮಗು ನಾಚಿಕೆ ಕಲಿಯುತ್ತದೆ. ಅದರ ಬದಲು ಯಾರಿಗೆ ಎಷ್ಟು ಹೇಳಬೇಕೆಂದು ಕಲಿಸಿ. ಕ್ಲಾಸಿನವರು ಕೇಳಿದರೆ: "ಅಮ್ಮನಿಗೆ ಹುಷಾರಿಲ್ಲ, ಟ್ರೀಟ್‌ಮೆಂಟ್ ನಡೀತಿದೆ." ನಂಬಿಕೆಯ ಒಬ್ಬ ಟೀಚರಿಗೆ ಪೂರ್ತಿ ವಿಷಯವನ್ನು ನೀವೇ ತಿಳಿಸಿ. ಅಂಕ ಇಳಿದಾಗ, ಕ್ಲಾಸಿನಲ್ಲಿ ತೂಕಡಿಸಿದಾಗ ಬೈಗುಳ ತಪ್ಪುತ್ತದೆ. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ತರಗತಿಯಲ್ಲಿ 'ಮೆಂಟಲ್', 'ನಿಮ್ಹಾನ್ಸ್ ಕೇಸ್' ಎಂದು ಬೈಯುವುದನ್ನು ಬಿಡಿ. ಯಾರ ಅಮ್ಮ ಆ ದಿನ ಅಲ್ಲಿದ್ದಾಳೋ ನಿಮಗೆ ಗೊತ್ತಿರುವುದಿಲ್ಲ.

12. ಪ್ರಾಣದ ಮಾತು ಬಂದರೆ ಗುಟ್ಟು ಇಲ್ಲ

"ನಾನು ಸತ್ತರೆ ನಿಮಗೆಲ್ಲ ಒಳ್ಳೇದು" ಎಂದು ಅಮ್ಮನೋ ಅಪ್ಪನೋ ಅಂದದ್ದನ್ನು ಮೊದಲು ಕೇಳಿಸಿಕೊಳ್ಳುವುದು ಎಷ್ಟೋ ಸಲ ಮಗುವೇ. "ಯಾರಿಗೂ ಹೇಳಬೇಡ" ಎಂದು ಆಣೆಯನ್ನೂ ಹಾಕಿಸಿಕೊಂಡಿರುತ್ತಾರೆ. ಅಂಥ ಆಣೆಯನ್ನು ಮುರಿಯಬಹುದು, ಮುರಿಯಲೇಬೇಕು ಎಂದು ಮಗುವಿಗೆ ಮುಂಚೆಯೇ ಹೇಳಿಡಿ. ಹೇಳಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ ದೊಡ್ಡ ಮಕ್ಕಳಲ್ಲಿ ಇರುತ್ತದೆ. 2017ರ ಕಾಯಿದೆಯ 115ನೇ ಸೆಕ್ಷನ್ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಮಗುವಿನ ಹತ್ತಿರ ಮೂರು ಫೋನ್ ನಂಬರ್ ಬರೆದಿಡಿ: ಮನೆಯ ಹಿರಿಯರೊಬ್ಬರದು, ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಇಂದೇ ಬೀಗ ಹಾಕಿಡಿ.

13. ವೈದ್ಯರು ಕೇಳುವವರೆಗೆ ಕಾಯಬೇಡಿ

ನಾರ್ವೆಯಲ್ಲಿ 2010ರಿಂದ ಒಂದು ಕಾನೂನಿದೆ. ಗಂಭೀರ ಮಾನಸಿಕ ಕಾಯಿಲೆ ಇರುವ ರೋಗಿಗೆ ಚಿಕ್ಕ ಮಕ್ಕಳಿದ್ದಾರೆಯೇ, ಅವರಿಗೆ ವಿಷಯ ತಿಳಿದಿದೆಯೇ, ಅವರಿಗೇನು ಬೇಕು ಎಂದು ಆಸ್ಪತ್ರೆಯವರು ವಿಚಾರಿಸಲೇಬೇಕು. ಫಿನ್ಲೆಂಡಿನಲ್ಲಿ ಮನೋವೈದ್ಯೆ ಟುಟ್ಟಿ ಸೊಲಾಂಟೌಸ್ ತಂದೆತಾಯಿಯ ಜೊತೆ ಕೂತು ಮಕ್ಕಳ ಬಗ್ಗೆಯೇ ಮಾತಾಡುವ ಸರಳ ವಿಧಾನವೊಂದನ್ನು ರೂಪಿಸಿದ್ದಾರೆ. ನಮ್ಮ ನೂಕುನುಗ್ಗಲಿನ ಒಪಿಡಿಗಳಲ್ಲಿ ವೈದ್ಯರಿಗೆ ಅಷ್ಟು ಹೊತ್ತು ಇಲ್ಲದಿರಬಹುದು. ಆದರೆ 1985ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗ ದೇಶಕ್ಕೇ ಮಾದರಿಯಾಯಿತು. ಈ ವಿಷಯದಲ್ಲೂ ಕರ್ನಾಟಕ ಮೊದಲ ಹೆಜ್ಜೆ ಇಡಲಿ, ರೋಗಿಯ ಚೀಟಿಯಲ್ಲಿ 'ಮಕ್ಕಳು, ವಯಸ್ಸು' ಎಂಬ ಒಂದು ಸಾಲು ಸೇರಲಿ.

ಅಲ್ಲಿಯವರೆಗೆ ನೀವೇ ಕೇಳಿ: "ಡಾಕ್ಟ್ರೇ, ಮನೇಲಿ ಎಂಟು ವರ್ಷದ ಮಗಳಿದ್ದಾಳೆ. ಅವಳಿಗೆ ಏನಂತ ಹೇಳಲಿ?" ವೈದ್ಯರು ಹತ್ತಿರದಲ್ಲಿ ಇಲ್ಲದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಯ ಪರವಾಗಿ ಮಾತ್ರ ಕರೆ ಮಾಡಬೇಕೆಂದೇನಿಲ್ಲ, ಮಗುವಿನ ಪರವಾಗಿಯೂ ಮಾಡಿ.